ಲಿನಕ್ಸಿಗೆ ಬಂದ ಮೇಲೆ ಫ್ರ್ಯಾಕ್ಟಲ್ ಏಕೆ ತೆರೆಯುವುದಿಲ್ಲ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕಿದ್ದ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಚಿಪ್ ಬೇಕು, ಪ್ರೊಸೆಸರ್ ಕೂಡ ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿರಬೇಕು. ಹತ್ತು ವರ್ಷದ ಹಿಂದೆ ಕೊಂಡು, ಇವತ್ತಿಗೂ ನೆಟ್ಟಗೆ ಓಡುವ ಎಷ್ಟೋ ಕಂಪ್ಯೂಟರುಗಳು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಹಾಗಾಗಿ ವಿಜಯಪುರ, ತಿಕೋಟಾ, ಬಬಲೇಶ್ವರದ ನನ್ನ ಪರಿಚಯದವರಲ್ಲೇ ಕೆಲವರು ಹಳೆಯ ಡೆಸ್ಕ್‌ಟಾಪಿಗೆ ಉಬುಂಟು ಇಲ್ಲವೇ ಮಿಂಟ್ ಹಾಕಿಸಿಕೊಂಡಿದ್ದಾರೆ. ಬ್ರೌಸರ್, ವಿಡಿಯೊ, ಪತ್ರ ವ್ಯವಹಾರ ಎಲ್ಲ ಸಲೀಸಾಗಿ ನಡೆಯುತ್ತದೆ. ತೊಡಕು ಬರುವುದು ಊರಿಗೊಬ್ಬರು ಬಳಸುವಂಥ ಸಾಫ್ಟ್‌ವೇರಿನಲ್ಲಿ. ತಿಕೋಟಾ ಕಡೆಯ ಹೈಸ್ಕೂಲಿನ ಗಣಿತ ಮಾಸ್ತರರೊಬ್ಬರು ಮಕ್ಕಳಿಗೆ ಫ್ರ್ಯಾಕ್ಟಲ್ ಚಿತ್ರ ತೋರಿಸುತ್ತಿದ್ದವರು, ಲಿನಕ್ಸಿಗೆ ಬಂದ ಮೇಲೆ ಫೋನ್ ಮಾಡಿದರು: “ಸರ, ಡಬಲ್ ಕ್ಲಿಕ್ ಮಾಡಿದ್ರ ಏನೂ ಆಗವಲ್ದ್ರಿ. ತಪ್ಪಾಗೇತಿ ಅಂತ ಸೈತ ಹೇಳವಲ್ದು.”

ಇಂಥ ಫೋನು ಬಂದಾಗ ನಾನು ಮೊದಲು ಕೇಳುವುದು ಪ್ರೋಗ್ರಾಮಿನ ಹೆಸರನ್ನಲ್ಲ. “ನಿಮ್ಮ ಚಿತ್ರದ ಅಂಕಿಗಳನ್ನು ಎಲ್ಲಾದರೂ ಬರೆದಿಟ್ಟೀರೇನು?” ಎಂದು ಕೇಳುತ್ತೇನೆ. ಫ್ರ್ಯಾಕ್ಟಲ್ ಚಿತ್ರವೆಂದರೆ ಒಂದು ಸೂತ್ರ, ಐದಾರು ಅಂಕಿ, ಒಂದು ಬಣ್ಣದ ಪಟ್ಟಿ. ಅಷ್ಟು ಕೈಯಲ್ಲಿದ್ದರೆ ಪ್ರೋಗ್ರಾಂ ಹೋದರೂ ಚಿತ್ರ ಹೋಗುವುದಿಲ್ಲ.

ಏಕೆಂದರೆ ಚಿತ್ರ ಹುಟ್ಟುವುದು ಲೆಕ್ಕದಿಂದ. ಸೊನ್ನೆಯಿಂದ ಹೊರಡಿ. ಅದನ್ನು ವರ್ಗ ಮಾಡಿ, ಒಂದು ಸ್ಥಿರ ಸಂಖ್ಯೆ ಕೂಡಿಸಿ. ಬಂದ ಉತ್ತರವನ್ನು ಮತ್ತೆ ವರ್ಗ ಮಾಡಿ, ಅದೇ ಸ್ಥಿರ ಸಂಖ್ಯೆಯನ್ನು ಕೂಡಿಸುತ್ತ ಹೋಗಿ. ಸ್ಥಿರ ಸಂಖ್ಯೆ 1 ಆದರೆ ಉತ್ತರ 1, 2, 5, 26, 677 ಎಂದು ಕೈಮೀರಿ ಬೆಳೆಯುತ್ತದೆ. ಅದು -1 ಆದರೆ -1, 0, -1, 0 ಎಂದು ಅಲ್ಲಲ್ಲೇ ಸುತ್ತುತ್ತದೆ. ಸಂಕೀರ್ಣ ಸಂಖ್ಯೆಗಳ ಸಮತಲದಲ್ಲಿ ಒಂದೊಂದು ಚುಕ್ಕೆಯನ್ನೂ ಸ್ಥಿರ ಸಂಖ್ಯೆ ಎಂದು ಹಿಡಿದು ಈ ಲೆಕ್ಕ ಮಾಡಬೇಕು. ಎಷ್ಟು ಸಲ ಮಾಡಿದರೂ ಕೈಮೀರದ ಚುಕ್ಕೆಗೆ ಕಪ್ಪು ಬಣ್ಣ, ಕೈಮೀರಿದ ಚುಕ್ಕೆಗೆ ಎಷ್ಟನೆಯ ಸುತ್ತಿನಲ್ಲಿ 2ರ ಗಡಿ ದಾಟಿತು ಎಂಬುದರ ಮೇಲೆ ಬಣ್ಣ. ಮೂಡಿದ್ದು ಮ್ಯಾಂಡೆಲ್‌ಬ್ರಾಟ್ ಗಣ. ‘ಫ್ರ್ಯಾಕ್ಟಲ್’ ಎಂಬ ಪದವನ್ನು ಬೆನ್ವಾ ಮ್ಯಾಂಡೆಲ್‌ಬ್ರಾಟ್ ಬಳಕೆಗೆ ತಂದದ್ದು 1975ರಲ್ಲಿ. ಈ ಗಣದ ಚಿತ್ರವನ್ನು ಐಬಿಎಂನ ಕಂಪ್ಯೂಟರಿನಲ್ಲಿ ಮೂಡಿಸಿ ನೋಡಿದ್ದು 1980ರಲ್ಲಿ. 1366ಕ್ಕೆ 768 ಚುಕ್ಕೆಗಳ ಮಾಮೂಲಿ ಪರದೆಯಲ್ಲಿ 10,49,088 ಚುಕ್ಕೆಗಳಿರುತ್ತವೆ. ಪ್ರತಿ ಚುಕ್ಕೆಗೆ ಹೆಚ್ಚೆಂದರೆ 1000 ಸುತ್ತು ಎಂದಿಟ್ಟುಕೊಂಡರೂ ಒಂದು ಚಿತ್ರಕ್ಕೆ ನೂರು ಕೋಟಿ ದಾಟಿದ ಲೆಕ್ಕ. ಈ ಭಾರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಮಾಸ್ತರರು ಈ ಪಾಠಕ್ಕೆ ವಿಜಯಪುರದ ಗೋಳಗುಮ್ಮಟದಿಂದ ಹೊರಡುತ್ತಾರೆ. ಅದು ನನಗೆ ಬಹಳ ಸರಿಯಾಗಿ ಕಂಡಿದೆ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್‌ಶಾಹನ ಈ ಗೋರಿಯೊಳಗೆ ನಿಂತು ಮೇಲೆ ನೋಡಿದರೆ, 45 ಡಿಗ್ರಿ ತಿರುಗಿಸಿಟ್ಟ ಎರಡು ಚೌಕಗಳ ಬದಿಗಳ ಮೇಲೆ ಎಂಟು ಕಮಾನುಗಳೆದ್ದು, ಒಂದನ್ನೊಂದು ಹಾಯ್ದು ಮೇಲಿನ ಸುತ್ತನ್ನು ಹೊತ್ತಿರುವುದು ಕಾಣುತ್ತದೆ. ಕೆಳಗಿನ ಚೌಕ ಮೇಲೆ ಹೋಗಿ ವೃತ್ತವಾಗುವುದು ಆ ತಿರುವಿನಲ್ಲಿ. ಇದು ಫ್ರ್ಯಾಕ್ಟಲ್ ಅಲ್ಲ, ಒಂದೇ ಹೆಜ್ಜೆಗೆ ನಿಂತ ತಿರುವು. ಆದರೆ ಅದೇ ತಿರುವನ್ನು ಮುಂದುವರಿಸು ಎಂದು ಮಕ್ಕಳಿಗೆ ಹೇಳಬಹುದು. ಸುಮಾರು 41 ಮೀಟರ್ ಬದಿಯ ಒಳಚೌಕವನ್ನು ಕಾಗದದ ಮೇಲೆ ಬರೆದು, ಬದಿಗಳ ನಡುಬಿಂದು ಸೇರಿಸಿದರೆ 29 ಮೀಟರಿನ ತಿರುಗಿದ ಚೌಕ. ಅದರ ನಡುಬಿಂದು ಸೇರಿಸಿದರೆ 20.5, ಆಮೇಲೆ 14.5. ಪ್ರತಿ ಸಲವೂ ಕ್ಷೇತ್ರಫಲ ಅರ್ಧ, ಆಕಾರ ಮಾತ್ರ ಅದೇ. ಸಣ್ಣದರಲ್ಲಿ ದೊಡ್ಡದೇ ಮರಳಿ ಬರುವ ಈ ಗುಣವನ್ನು ಕಲ್ಲಿನಲ್ಲಿ ಇನ್ನೂ ಆಳಕ್ಕೆ ಒಯ್ದವರು ಗದಗ, ಕೊಪ್ಪಳ ಕಡೆಯ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಗೋಡೆಯ ಮೇಲೆ ಸಣ್ಣ ಗುಡಿ, ಅದರ ಶಿಖರದಲ್ಲಿ ಇನ್ನೂ ಸಣ್ಣ ಶಿಖರ. ಶಾಲೆಯ ಪ್ರವಾಸಕ್ಕೆ ಹೋದಾಗ ಅದನ್ನು ಬೆರಳು ಮಾಡಿ ತೋರಿಸಿ.

ಈಗ ಡಬಲ್ ಕ್ಲಿಕ್ಕಿನ ಮಾತು. ವಿಂಡೋಸಿನ ‘ಡಾಟ್ ಇಎಕ್ಸ್‌ಇ’ ಫೈಲನ್ನು ಪೆನ್ ಡ್ರೈವಿನಲ್ಲಿ ತಂದು ಲಿನಕ್ಸಿನಲ್ಲಿ ಒತ್ತಿದರೆ ಅದು ತಾನಾಗಿ ಓಡುವುದಿಲ್ಲ. ಪ್ರೊಸೆಸರ್ ಅದೇ ಇದ್ದರೂ ಫೈಲಿನ ಒಳಕಟ್ಟು ಬೇರೆ, ಅದು ವ್ಯವಸ್ಥೆಯನ್ನು ಕರೆಯುವ ರೀತಿಯೂ ಬೇರೆ. ಇದಕ್ಕೆ ‘ವೈನ್’ ಎಂಬ ನಡುವಿನ ಪದರ ಬೇಕು. ಅಪೊಫಿಸಿಸ್‌ನಂಥ 32 ಬಿಟ್ಟಿನ ಹಳೆಯ ಪ್ರೋಗ್ರಾಂ ಆದರೆ ವೈನಿನ 32 ಬಿಟ್ಟಿನ ಭಾಗವನ್ನೂ ಹಾಕಿಕೊಳ್ಳಬೇಕು. 64 ಬಿಟ್ಟಿನ ಉಬುಂಟುವಿನಲ್ಲಿ ಅದು ತಾನಾಗಿ ಬಂದಿರುವುದಿಲ್ಲ, ಬಹಳ ಜನ ಎಡವುವುದು ಇಲ್ಲೇ. 1988ರಲ್ಲಿ ಬರ್ಟ್ ಟೈಲರ್ ಶುರುಮಾಡಿದ ಫ್ರ್ಯಾಕ್ಟಿಂಟ್ ಡಾಸ್ ಕಾಲದ್ದು. ಗಣಿತದ ಜೊತೆಚಿಪ್ಪು ಬೇರೆ ದುಡ್ಡು ಕೊಟ್ಟು ಕೊಳ್ಳಬೇಕಿದ್ದ ದಿನಗಳಲ್ಲಿ ದಶಮಾಂಶದ ಲೆಕ್ಕವನ್ನು ಪೂರ್ಣಾಂಕದಲ್ಲೇ ಮಾಡಿ ವೇಗ ಗಿಟ್ಟಿಸಿದ್ದು ಅದರ ಹೆಚ್ಚುಗಾರಿಕೆ. ಇವತ್ತು ಡಾಸ್‌ಬಾಕ್ಸ್ ಒಳಗೆ ಅದನ್ನು ಓಡಿಸಬಹುದು, ಲಿನಕ್ಸಿಗೆಂದೇ ಎಕ್ಸ್‌ಫ್ರ್ಯಾಕ್ಟಿಂಟ್ ಕೂಡ ಇದೆ.

ಆದರೂ ನನ್ನ ಸಲಹೆ ಬೇರೆ. ಶಾಲೆಯ ಕೆಲಸಕ್ಕೆ ವೈನಿನ ಹಿಂದೆ ಬೀಳಬೇಡಿ. 1996ರಲ್ಲಿ ಯಾನ್ ಹುಬಿಚ್ಕ ಮತ್ತು ಥಾಮಸ್ ಮಾರ್ಷ್ ಹೊರತಂದ ‘ಝಾಓಸ್’ ಉಬುಂಟುವಿನ ಸಾಫ್ಟ್‌ವೇರ್ ಭಂಡಾರದಲ್ಲೇ ಸಿಗುತ್ತದೆ. ಮೌಸ್ ಒತ್ತಿ ಹಿಡಿದರೆ ಚಿತ್ರದೊಳಕ್ಕೆ ನಿಲ್ಲದೆ ಇಳಿಯುತ್ತ ಹೋಗಬಹುದು. ಹಿಂದಿನ ಚೌಕಟ್ಟಿನಲ್ಲಿ ಮಾಡಿದ ಲೆಕ್ಕದಲ್ಲಿ ಆದಷ್ಟನ್ನು ಮರುಬಳಕೆ ಮಾಡುವುದರಿಂದ ಹಳೆಯ ಯಂತ್ರದಲ್ಲೂ ಅದು ಚುರುಕು. ಮೂರು ಆಯಾಮದ ಚಿತ್ರ ಬೇಕಾದರೆ ಮ್ಯಾಂಡೆಲ್‌ಬಲ್ಬರ್ ಇದೆ, ಜ್ವಾಲೆಯಂಥ ಚಿತ್ರಗಳಿಗೆ ಸ್ಕಾಟ್ ಡ್ರೇವ್ಸ್ ಬರೆದ ಫ್ಲೇಮ್3 ಇದೆ.

ಲಿನಕ್ಸಿಗೆಂದೇ ಮಾಡಿದ ಪ್ರೋಗ್ರಾಂ ಕೂಡ ಮೌನವಾಗಿ ಕೈಕೊಟ್ಟರೆ? ಆಗ ಐಕಾನ್ ಬಿಟ್ಟು ಟರ್ಮಿನಲ್ ತೆರೆಯಿರಿ. ಪ್ರೋಗ್ರಾಮಿನ ಹೆಸರನ್ನು ಅಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಐಕಾನ್ ಒತ್ತಿದಾಗ ಎಲ್ಲೋ ಮರೆಯಾಗುತ್ತಿದ್ದ ತಕರಾರು ಇಲ್ಲಿ ಅಕ್ಷರವಾಗಿ ಕಾಣಿಸುತ್ತದೆ. ಹತ್ತಾರು ಸಾಲು ಬಂದರೆ ಹೆದರಬೇಡಿ, ಮೊದಲ ದೂರಿನ ಸಾಲನ್ನು ಓದಿ. ಕೆಳಗಿನವು ಬಹುಮಟ್ಟಿಗೆ ಅದರಿಂದಲೇ ಹುಟ್ಟಿದವು. ಮಾಸ್ತರರಿಗೆ ಫೋನಿನಲ್ಲೇ ಓದಿಸಿದೆ. ‘ಪರ್ಮಿಷನ್ ಡಿನೈಡ್’ ಎಂದಿತ್ತು. ಬ್ರೌಸರಿನಿಂದ ಇಳಿಸಿದ ಫೈಲಿಗೆ ‘ಓಡಬಹುದು’ ಎಂಬ ಗುರುತನ್ನು ಲಿನಕ್ಸ್ ತಾನಾಗಿ ಹಾಕುವುದಿಲ್ಲ. ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಪ್ರೋಗ್ರಾಮಾಗಿ ಓಡಲು ಅನುಮತಿ ಕೊಡುವ ಖಾನೆಗೆ ಟಿಕ್ ಹಾಕಿಸಿದೆ. ಮತ್ತೆ ಓಡಿಸಿದಾಗ ದೂರು ಬದಲಾಯಿತು: ಫ್ಯೂಸ್ ಎಂಬ ಲೈಬ್ರರಿ ಇಲ್ಲವಂತೆ. ಅವರು ತಂದದ್ದು ಆ್ಯಪ್‌ಇಮೇಜ್ ಮಾದರಿಯ ಫೈಲು. ಅಂಥವುಗಳಲ್ಲಿ ಬಹಳಷ್ಟಕ್ಕೆ ಫ್ಯೂಸ್‌ನ ಹಳೆಯ 2ನೆಯ ಆವೃತ್ತಿ ಬೇಕು, ಉಬುಂಟು 22.04ರಿಂದೀಚೆಗೆ ಅದು ಮೊದಲೇ ಬಂದಿರುವುದಿಲ್ಲ. ಅದನ್ನು ಹಾಕಿದ ಕೂಡಲೇ ಕಿಟಕಿ ತೆರೆಯಿತು. ದೂರು ಬದಲಾಯಿತೆಂದರೆ ಒಂದು ಹೆಜ್ಜೆ ಮುಂದೆ ಬಂದಿದ್ದೇವೆ ಎಂದರ್ಥ, ಅದನ್ನು ಸೋಲೆಂದು ತಿಳಿಯಬಾರದು.

ಲೈಬ್ರರಿ ಎಂದೆ. ಒಂದು ಕಾಲಕ್ಕೆ ವಿಜಯಪುರದ ಹಲವು ಮನೆಗಳು ತಾಜ್ ಬಾವಡಿ ಎಂಬ ದೊಡ್ಡ ಬಾವಿಯೊಂದರಿಂದಲೇ ನೀರು ಒಯ್ದಂತೆ, ಲಿನಕ್ಸಿನಲ್ಲಿ ಹಲವು ಪ್ರೋಗ್ರಾಂಗಳು ಒಂದೇ ಲೈಬ್ರರಿಯನ್ನು ಹಂಚಿಕೊಳ್ಳುತ್ತವೆ. ಭಂಡಾರದಿಂದ ಹಾಕಿಕೊಂಡರೆ ಬೇಕಾದ ಲೈಬ್ರರಿಗಳು ಜೊತೆಗೇ ಬರುತ್ತವೆ; ಹೊರಗಿನಿಂದ ಒಂಟಿ ಫೈಲು ತಂದರೆ ನಾವೇ ಹೊಂದಿಸಬೇಕು. ಯಾವುದು ಇಲ್ಲ ಎಂದು ತಿಳಿಯಲು ‘ಎಲ್‌ಡಿಡಿ’ ಎಂಬ ಕಮಾಂಡಿನ ಮುಂದೆ ಫೈಲಿನ ಹೆಸರು ಕೊಡಿ. ಪಟ್ಟಿಯಲ್ಲಿ ‘ನಾಟ್ ಫೌಂಡ್’ ಎಂದಿರುವ ಸಾಲೇ ಉತ್ತರ.

ಪ್ರೋಗ್ರಾಂ ತೆರೆಯಿತು, ಆದರೆ ಹಳೆಯ ಚಿತ್ರದ ಫೈಲುಗಳು ಸಿಗುತ್ತಿಲ್ಲ. ಇದು ಎರಡನೆಯ ದೊಡ್ಡ ಗೋಳು, ಕಾರಣ ಮಾತ್ರ ಚಿಕ್ಕದು. ವಿಂಡೋಸಿಗೆ ದೊಡ್ಡ ಇಂಗ್ಲಿಷ್ ಅಕ್ಷರದ ಹೆಸರೂ ಸಣ್ಣ ಅಕ್ಷರದ ಹೆಸರೂ ಒಂದೇ. ಲಿನಕ್ಸಿಗೆ ಅವು ಎರಡು ಬೇರೆ ಫೈಲು. ಡಾಸ್ ಕಾಲದ ಬಣ್ಣದ ಪಟ್ಟಿಯ ಹೆಸರು ಪೂರ್ತಿ ದೊಡ್ಡ ಅಕ್ಷರದಲ್ಲಿರುತ್ತದೆ, ಅದನ್ನು ಕರೆಯುವ ಸಾಲಿನಲ್ಲಿ ಸಣ್ಣ ಅಕ್ಷರ. ಪ್ರೋಗ್ರಾಂ ಹುಡುಕಿ ಸಿಗದೆ ಬೂದು ಬಣ್ಣದಲ್ಲಿ ಬರೆದುಬಿಡಬಹುದು. ಇನ್ನೊಂದು ಕಣ್ಣಿಗೆ ಕಾಣದ ವ್ಯತ್ಯಾಸವಿದೆ: ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಗುರುತು ಹಾಕುತ್ತದೆ, ಲಿನಕ್ಸ್ ಒಂದೇ ಹಾಕುತ್ತದೆ. ಸೂತ್ರದ ಫೈಲಿನಲ್ಲಿ ಆ ಹೆಚ್ಚಿನ ಗುರುತು ಉಳಿದರೆ ಸೂತ್ರವೇ ತಪ್ಪೆಂದು ಕೆಲವು ಪ್ರೋಗ್ರಾಂಗಳು ತಕರಾರು ಮಾಡುತ್ತವೆ. ‘ಡಾಸ್2ಯುನಿಕ್ಸ್’ ಎಂಬ ಪುಟ್ಟ ಕಮಾಂಡು ಅದನ್ನು ತೆಗೆದುಹಾಕುತ್ತದೆ. ಮೊದಲು ಒಂದು ನಕಲು ಮಾಡಿಟ್ಟುಕೊಂಡೇ ಇದನ್ನು ಮಾಡಿ.

ಸ್ನ್ಯಾಪ್, ಫ್ಲಾಟ್‌ಪ್ಯಾಕ್ ರೂಪದಲ್ಲಿ ಹಾಕಿದ ಪ್ರೋಗ್ರಾಮಿಗೆ ಪೆನ್ ಡ್ರೈವು, ಬೇರೆ ಪಾರ್ಟಿಷನ್ನು ಕಾಣದೇ ಇರಬಹುದು. ಭದ್ರತೆಗಾಗಿ ಅದನ್ನು ಬೇಲಿಯೊಳಗೆ ಇಟ್ಟಿರುತ್ತಾರೆ, ಅನುಮತಿ ಕೊಟ್ಟರೆ ಕಾಣುತ್ತದೆ. ವಿಂಡೋಸನ್ನೂ ಉಳಿಸಿಕೊಂಡು ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟವರಿಗೆ ವಿಂಡೋಸಿನ ಡ್ರೈವ್ ಓದಲು ಬಂದು ಬರೆಯಲು ಬಾರದಂತಾಗುವುದುಂಟು. ಕಾರಣ ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’: ಅದು ವಿಂಡೋಸನ್ನು ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿ ಮಲಗಿಸಿರುತ್ತದೆ. ಅದನ್ನು ಆಫ್ ಮಾಡಿ ಪೂರ್ತಿ ಶಟ್‌ಡೌನ್ ಮಾಡಿದರೆ ಸಾಕು.

ನಮ್ಮ ಕಡೆಗೇ ವಿಶೇಷವಾದ ತೊಂದರೆಯೊಂದಿದೆ, ಇದನ್ನು ಯಾವ ಇಂಗ್ಲಿಷ್ ಕೈಪಿಡಿಯೂ ಹೇಳುವುದಿಲ್ಲ. ಎಷ್ಟೋ ಶಿಕ್ಷಕರು ತಮ್ಮ ಟಿಪ್ಪಣಿಗಳನ್ನು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಲಿನಕ್ಸಿನಲ್ಲಿ ಆ ಫಾಂಟ್ ಇಲ್ಲದ ಕಾರಣ ‘ಈ ಚಿತ್ರಕ್ಕೆ ಈ ಅಂಕಿ’ ಎಂದು ಬರೆದದ್ದೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಬರಹ ಅಳಿದಿಲ್ಲ, ಯುನಿಕೋಡಿಗೆ ಪರಿವರ್ತಿಸಿದರೆ ಮರಳಿ ಬರುತ್ತದೆ. ವಿಂಡೋಸ್ ತೆಗೆದುಹಾಕುವ ಮುನ್ನವೇ ಈ ಕೆಲಸ ಮುಗಿಸಿಕೊಂಡರೆ ಒಳ್ಳೆಯದು. ಹಾಗೆಯೇ ಕನ್ನಡ ಕೀಲಿಮಣೆ ಆನ್ ಇದ್ದಾಗ ಅಂಕಿಯ ಖಾನೆಯಲ್ಲಿ ಕನ್ನಡ ಅಂಕಿ ಮೂಡಿದರೆ ಬಹುತೇಕ ಪ್ರೋಗ್ರಾಂಗಳು ಅದನ್ನು ಸಂಖ್ಯೆಯೆಂದೇ ಎಣಿಸುವುದಿಲ್ಲ. ಮೌಲ್ಯ ತುಂಬಿದರೂ ಚಿತ್ರ ಅಲುಗದಿದ್ದರೆ ಕೀಲಿಮಣೆಯ ಭಾಷೆ ನೋಡಿ. ಗಡಿಯಾಚೆಯ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ತಾಪತ್ರಯ ಕಡಿಮೆ ಇರಬೇಕು ಎಂದು ನನ್ನ ಊಹೆ. ಕೇರಳದ ಐಟಿ@ಸ್ಕೂಲ್ ಯೋಜನೆ, ಈಗಿನ ಕೈಟ್, ಶಾಲೆಗಳಿಗೆ ಲಿನಕ್ಸನ್ನೇ ಕೊಟ್ಟಿದೆ. ಅಲ್ಲಿಯ ಮಕ್ಕಳು ಶುರುವಿನಿಂದ ಅದರಲ್ಲೇ ಕಲಿಯುತ್ತಾರೆ. ನಮ್ಮಲ್ಲೂ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆಯ ಶಿಕ್ಷಕರ ತರಬೇತಿಗಳಲ್ಲಿ ಉಬುಂಟು, ಜಿಯೋಜೀಬ್ರಾ ಬಳಸಿದ್ದರು. ಆ ಕೆಲಸ ಪ್ರತಿ ತಾಲ್ಲೂಕಿಗೂ ಹಬ್ಬಬೇಕಿತ್ತು, ಈಗಲೂ ಹಬ್ಬಿಸಬಹುದು.

ಕಿಟಕಿ ತೆರೆದು ಒಳಗೆಲ್ಲ ಕಪ್ಪಾಗಿದ್ದರೆ ಗ್ರಾಫಿಕ್ಸ್ ಕಡೆ ತಿರುಗಿ. ‘ಜಿಎಲ್‌ಎಕ್ಸ್‌ಇನ್ಫೊ’ ಕಮಾಂಡು ಕೊಟ್ಟಾಗ ಚಿತ್ರ ಬರೆಯುವವನ ಹೆಸರಿನ ಜಾಗದಲ್ಲಿ ‘ಎಲ್‌ಎಲ್‌ವಿಎಂಪೈಪ್’ ಎಂದು ಕಂಡರೆ ಗ್ರಾಫಿಕ್ಸ್ ಚಿಪ್ಪಿನ ಚಾಲಕ ಕೆಲಸ ಮಾಡುತ್ತಿಲ್ಲ, ಪ್ರೊಸೆಸರೇ ಆ ಹೊರೆಯನ್ನೂ ಹೊರುತ್ತಿದೆ ಎಂದು ತಿಳಿಯಿರಿ. ಮ್ಯಾಂಡೆಲ್‌ಬಲ್ಬರ್ ಓಪನ್‌ಸಿಎಲ್ ಸಿಗುತ್ತಿಲ್ಲ ಎಂದರೆ ಪರವಾಗಿಲ್ಲ, ಅದಿಲ್ಲದೆ ಪ್ರೊಸೆಸರಿನಲ್ಲೇ ಅದು ಚಿತ್ರ ಮಾಡಿಕೊಡುತ್ತದೆ. ನಿಧಾನ ಅಷ್ಟೇ. ದೊಡ್ಡ ಚಿತ್ರ ಮಾಡುವಾಗ ಪ್ರೋಗ್ರಾಂ ಮಾಯವಾಗಿ ಟರ್ಮಿನಲ್ಲಿನಲ್ಲಿ ‘ಕಿಲ್ಡ್’ ಎಂಬ ಒಂದೇ ಪದ ಉಳಿದರೆ ರ‍್ಯಾಮ್ ಸಾಲದೆ ವ್ಯವಸ್ಥೆಯೇ ಅದನ್ನು ನಿಲ್ಲಿಸಿರುವ ಸಂಭವ ಹೆಚ್ಚು. ಚಿತ್ರದ ಅಳತೆ ತಗ್ಗಿಸಿ.

ಇಷ್ಟೆಲ್ಲ ಸರಿಯಾದ ಮೇಲೂ ಒಂದು ದೂರು ಬರುತ್ತದೆ: “ಬಹಳ ಒಳಗ ಹೋದ್ರ ಚಿತ್ರ ಚೌಕ ಚೌಕ ಆಗ್ತೈತ್ರಿ.” ಇದು ಲಿನಕ್ಸಿನ ತಪ್ಪಲ್ಲ, ಸಾಫ್ಟ್‌ವೇರಿನ ತಪ್ಪೂ ಅಲ್ಲ. ಕಂಪ್ಯೂಟರ್ ದಶಮಾಂಶ ಸಂಖ್ಯೆಯನ್ನು ಎಷ್ಟು ಅಂಕಿಗಳವರೆಗೆ ಹಿಡಿದಿಡಬಲ್ಲದು ಎಂಬುದಕ್ಕೆ ಮಿತಿಯಿದೆ. 64 ಬಿಟ್ಟಿನ ‘ಡಬಲ್’ ಸಂಖ್ಯೆಯಲ್ಲಿ ಸುಮಾರು 16 ಅಂಕಿಗಳಷ್ಟೇ ನಂಬಿಕೆಗೆ ಅರ್ಹ. ಪೂರ್ತಿ ಚಿತ್ರ ಅಡ್ಡಕ್ಕೆ 4 ಮಾನ ಎಂದುಕೊಂಡರೆ 1366 ಚುಕ್ಕೆಗಳಲ್ಲಿ ಪಕ್ಕಪಕ್ಕದ ಎರಡರ ಅಂತರ ಸುಮಾರು 0.003. ಹತ್ತು ಲಕ್ಷ ಕೋಟಿ ಪಟ್ಟು ಹಿಗ್ಗಿಸಿದಾಗ ಆ ಅಂತರ ಎಷ್ಟು ಕಿರಿದಾಗುತ್ತದೆಂದರೆ ಅಕ್ಕಪಕ್ಕದ ಚುಕ್ಕೆಗಳಿಗೆ ಒಂದೇ ಸಂಖ್ಯೆ ಬರತೊಡಗುತ್ತದೆ. ಒಂದೇ ಸಂಖ್ಯೆಗೆ ಒಂದೇ ಬಣ್ಣ, ಅದೇ ಆ ಚೌಕ. ಗ್ರಾಫಿಕ್ಸ್ ಚಿಪ್ಪು ‘ಸಿಂಗಲ್’ ಸಂಖ್ಯೆಯಲ್ಲಿ ಲೆಕ್ಕ ಮಾಡಿದರೆ ಸುಮಾರು 50 ಸಾವಿರ ಪಟ್ಟಿಗೇ ಚೌಕಗಳು ಕಾಣುತ್ತವೆ. ಆಗ ಗ್ರಾಫಿಕ್ಸ್ ಬಿಟ್ಟು ಪ್ರೊಸೆಸರಿನಲ್ಲಿ ಓಡಿಸಿ, ಚಿತ್ರ ತಿಳಿಯಾಗುತ್ತದೆ.

ಇಲ್ಲಿ ಲಿನಕ್ಸಿಗೆ ಬಂದವರಿಗೆ ಒಂದು ಲಾಭವೂ ಉಂಟು. ‘ಲಾಂಗ್ ಡಬಲ್’ ಎಂಬ ಉದ್ದನೆಯ ಸಂಖ್ಯೆಯನ್ನು ಮೈಕ್ರೋಸಾಫ್ಟಿನ ಕಂಪೈಲರ್ 64 ಬಿಟ್ಟಿನಲ್ಲೇ ಇಟ್ಟರೆ, ಇಂಟೆಲ್, ಎಎಂಡಿ ಯಂತ್ರಗಳ ಲಿನಕ್ಸಿನಲ್ಲಿ ಅದು 80 ಬಿಟ್ಟು. ಅದನ್ನು ಬಳಸುವ ಪ್ರೋಗ್ರಾಂ ಸುಮಾರು 2000 ಪಟ್ಟು ಹೆಚ್ಚು ಆಳಕ್ಕೆ ಇಳಿಯಬಲ್ಲದು. ವೇಗ ಕಡಿಮೆಯಾಗುತ್ತದೆ. ಅದಕ್ಕೂ ಆಳಕ್ಕೆ ಬೇಕಾದಷ್ಟು ಅಂಕಿಗಳ ಲೆಕ್ಕ ಮಾಡುವ ಬೇರೆ ಪ್ರೋಗ್ರಾಂಗಳಿವೆ. ಒಂದು ಚುಕ್ಕೆಯನ್ನು ಮಾತ್ರ ಪೂರ್ತಿ ನಿಖರವಾಗಿ ಲೆಕ್ಕ ಹಾಕಿ, ಉಳಿದವನ್ನು ಅದರಿಂದ ಎಷ್ಟು ಸರಿದಿವೆ ಎಂಬುದರ ಮೇಲೆ ಕಂಡುಕೊಳ್ಳುವ ವಿಧಾನವನ್ನು 2013ರಲ್ಲಿ ಕೆ.ಐ. ಮಾರ್ಟಿನ್ ತೋರಿಸಿಕೊಟ್ಟ ಮೇಲೆ, ತಿಂಗಳುಗಟ್ಟಲೆ ಹಿಡಿಯಬಹುದಾದ ಚಿತ್ರಗಳು ಮನೆಯ ಯಂತ್ರಕ್ಕೂ ನಿಲುಕಿವೆ.

ಬಿಸಿಲಿನ ಮಾತನ್ನೂ ಆಡಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ನೂರು ಕೋಟಿ ಲೆಕ್ಕದ ಚಿತ್ರಕ್ಕೆ ಪ್ರೊಸೆಸರಿನ ಎಲ್ಲ ಭಾಗಗಳೂ ಒಟ್ಟಿಗೆ ದುಡಿಯುತ್ತವೆ, ಕಾವು ಏರಿದಾಗ ಯಂತ್ರ ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ತಗ್ಗಿಸುತ್ತದೆ. ಬೆಳಿಗ್ಗೆ ಬೇಗ ಮುಗಿದ ಚಿತ್ರ ಮಧ್ಯಾಹ್ನ ತೆವಳಿದರೆ ಲಿನಕ್ಸನ್ನು ಬೈಯುವ ಮೊದಲು ‘ಸೆನ್ಸರ್ಸ್’ ಕಮಾಂಡು ಕೊಟ್ಟು ಕಾವು ನೋಡಿ, ಫ್ಯಾನಿನ ಧೂಳು ಊದಿಸಿ. ದೊಡ್ಡ ಕೆಲಸವನ್ನು ರಾತ್ರಿಗೆ ಇಟ್ಟುಕೊಳ್ಳಿ. ಅನಿಮೇಶನ್ ಮಾಡುವುದಿದ್ದರೆ ಒಂದೊಂದು ಚೌಕಟ್ಟನ್ನೂ ಬೇರೆ ಬೇರೆ ಫೈಲಾಗಿ ಉಳಿಸಿ. ನಡುವೆ ಕರೆಂಟ್ ಹೋದರೆ ನಿಂತಲ್ಲಿಂದ ಮುಂದುವರಿಸಬಹುದು.

ಕೊನೆಗೆ ಅಂಕಿಗಳ ವಿಷಯ. ಫ್ರ್ಯಾಕ್ಟಿಂಟಿನ ಪ್ಯಾರಾಮೀಟರ್ ಫೈಲು, ಝಾಓಸಿನ ಫೈಲು, ಫ್ಲೇಮ್3ರ ಫೈಲು ಎಲ್ಲವೂ ಸಾದಾ ಅಕ್ಷರದವು. ಯಾವ ಎಡಿಟರಿನಲ್ಲಾದರೂ ತೆರೆದು ಓದಬಹುದು. ಆದರೆ ಒಂದೇ ಜಾಗವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುತ್ತಾರೆ. ಒಂದು ಪ್ರೋಗ್ರಾಂ ನಾಲ್ಕು ಅಂಚುಗಳನ್ನು ಕೊಡುತ್ತದೆ, ಇನ್ನೊಂದು ನಡುಬಿಂದು ಮತ್ತು ಅಗಲವನ್ನು, ಮತ್ತೊಂದು ಅಗಲದ ಬದಲು ಎಷ್ಟು ಪಟ್ಟು ಎಂಬುದನ್ನು. ಹಳೆಯ ಫೈಲಿನಲ್ಲಿ ಎಡ ಅಂಚು -0.775, ಬಲ ಅಂಚು -0.725, ಕೆಳ ಅಂಚು 0.08125, ಮೇಲಂಚು 0.11875 ಎಂದಿದೆ ಎನ್ನಿ. ಎಡ ಬಲಗಳನ್ನು ಕೂಡಿಸಿ ಅರ್ಧ ಮಾಡಿದರೆ -0.75, ಕೆಳಗು ಮೇಲುಗಳನ್ನು ಕೂಡಿಸಿ ಅರ್ಧ ಮಾಡಿದರೆ 0.1. ಅದು ನಡುಬಿಂದು. ಎಡ ಬಲಗಳ ವ್ಯತ್ಯಾಸ 0.05, ಅದು ಅಗಲ. ಇದು ಕಡಲಕುದುರೆಯ ಬಾಲದಂಥ ಸುರುಳಿಗಳಿಗೆ ಹೆಸರಾದ ಕಣಿವೆ. ಸುತ್ತಿನ ಮಿತಿಯನ್ನು 1000ಕ್ಕೆ ಇಟ್ಟು ಹೊಸ ಪ್ರೋಗ್ರಾಮಿನಲ್ಲಿ ಇವನ್ನು ತುಂಬಿ. ಬಣ್ಣ ಬೇರೆಯಾದರೆ ಚಿಂತಿಲ್ಲ, ಆಕಾರ ಕೂಡಬೇಕು. ಸುರುಳಿಗಳೆಲ್ಲ ತಲೆಕೆಳಗಾಗಿ ಕಂಡರೆ ಹೊಸ ಪ್ರೋಗ್ರಾಂ ಲಂಬ ಅಕ್ಷವನ್ನು ಮೇಲಿನಿಂದ ಕೆಳಕ್ಕೆ ಎಣಿಸುತ್ತಿದೆ. ಗಣ ಅಡ್ಡ ಅಕ್ಷದ ಎರಡೂ ಬದಿಗೆ ಒಂದೇ ರೀತಿ ಇರುವುದರಿಂದ 0.1ರ ಬದಲು -0.1 ಕೊಡಿ, ಹಳೆಯ ಚಿತ್ರವೇ ಬರುತ್ತದೆ.